ನನ್ನ ಮಹಡಿ ಬೀದಿಗಿಳಿದಾಗ

ನಮ್ಮ ಊರಿನಲ್ಲಿ ಮನೆಗಳು ಕೆಳಗಿಳಿಯುತ್ತವೆ. ಹೊರಗಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ನಮಗೂ ಗೊತ್ತಿಲ್ಲ, ಅದನ್ನೇ ಯೋಚಿಸಿಕೊಂಡು ಕೂರುವಷ್ಟು ಪುರುಸೊತ್ತೂ ಇಲ್ಲ. ಬೀದಿಯ ಮಟ್ಟದಲ್ಲಿದ್ದ ಮನೆ ಸದ್ದಿಲ್ಲದೆ ನೆಲದೊಳಗೆ ಹೋಗುತ್ತದೆ, ಅದರ ಮೇಲಿನದು ಬೀದಿಯ ಮಟ್ಟಕ್ಕೆ ಬರುತ್ತದೆ. ಒಂದು ಮಹಡಿ ಪೂರ್ತಿ ಇಳಿಯುವಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗು ಹೈಸ್ಕೂಲು ಸೇರಿರುತ್ತದೆ. ಹಾಗಾಗಿ ಯಾರೂ ಗಾಬರಿ ಬೀಳುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ಒಂದು ಕ್ರಮ ಮಾಡಿಟ್ಟಿದ್ದರು.

ಯಾರ ಮನೆ ಬೀದಿಯ ಮಟ್ಟಕ್ಕೆ ಬರುತ್ತದೋ ಅವರು ಅಂಗಡಿ ಇಡಬೇಕು. ಕಿಟಕಿಯ ಸರಳು ಕಿತ್ತು ಒಂದು ಹಲಗೆ ಹಾಕಿದರೆ ಅದೇ ಅಂಗಡಿ. ಮೇಲಿನ ಮಹಡಿಗಳವರು ತಮ್ಮ ತಮ್ಮ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ, ಬೇಕಾದದ್ದನ್ನು ಕೂಗಿ ಹೇಳುತ್ತಾರೆ. ಅಂಗಡಿಯವರು ತೂಗಿ ಬುಟ್ಟಿಗೆ ಹಾಕುತ್ತಾರೆ. ಅಂಗಡಿ ನೆಲದೊಳಗೆ ಹೋಗುವ ಕಾಲ ಬಂದಾಗ ಆ ಕಟ್ಟಡದವರೆಲ್ಲ ಸೇರಿ ತುತ್ತತುದಿಯಲ್ಲಿ ಅವರಿಗೊಂದು ಹೊಸ ಮಹಡಿ ಕಟ್ಟಿಕೊಡುತ್ತಾರೆ. ಮೇಲೆ ಹೋಗುವವರು ತಕ್ಕಡಿಯನ್ನು ಹೊಸದಾಗಿ ಬೀದಿಗಿಳಿದವರ ಕೈಗೆ ಕೊಟ್ಟು ಹತ್ತುತ್ತಾರೆ. ಹಾಗೆ ಕೈಯಿಂದ ಕೈಗೆ ಬಂದ ತಕ್ಕಡಿ ಇಲ್ಲದ ಅಂಗಡಿಯಲ್ಲಿ ನಮ್ಮವರು ಉಪ್ಪನ್ನೂ ಕೊಳ್ಳುವುದಿಲ್ಲ. ಇನ್ನು, ನೆಲದೊಳಗೆ ಹೋದದ್ದನ್ನು ಯಾರೂ ಅಗೆದು ತೆಗೆಯುವುದಿಲ್ಲ. ಅಗೆದರೆ ಮನೆ ಇನ್ನಷ್ಟು ಬೇಗ ಇಳಿಯುತ್ತದೆ.

ಇಷ್ಟು ತಿಳಿದರೆ ನನ್ನ ಸಂಕಟ ಏನೆಂದು ನಿಮಗೆ ಅರ್ಥವಾಗುತ್ತದೆ. ಅರ್ಥವಾಗದವರೂ ಇದ್ದಾರೆ. ಅವರ ಜೊತೆಯಲ್ಲೇ ನಾನು ಇಷ್ಟು ವರ್ಷ ಇದ್ದೆ.

ನಮ್ಮ ಹಳೆಯ ಮನೆಯಲ್ಲಿ ಕೊನೆಯದಾಗಿ ಅಂಗಡಿ ಇಟ್ಟವಳು ನನ್ನ ಅಮ್ಮ. ಹುಣಸೆಹಣ್ಣು, ಬೆಲ್ಲ, ಮಂಡಕ್ಕಿ, ದೀಪದ ಬತ್ತಿ, ಸೂಜಿದಾರ ಎಲ್ಲ ಇದ್ದವು. ಮೂರನೇ ಮಹಡಿಯ ಮಲ್ಲಾಜಮ್ಮನ ಮಗ ಇಂದ್ರೇಶ ಶಾಲೆಯಿಂದ ಬಂದವನೇ ನೇರ ನಮ್ಮ ಹಲಗೆ ಹತ್ತಿ ಕೂರುತ್ತಿದ್ದ. ಅಮ್ಮ ಅವನ ಬಾಯಿಗೊಂದು ಬೆಲ್ಲದ ಚೂರು ಹಾಕಿದ ಮೇಲೆಯೇ ಅವನು ಮನೆಯ ಮೆಟ್ಟಿಲು ಹತ್ತುತ್ತಿದ್ದದ್ದು. ನನ್ನನ್ನು ವನಜಕ್ಕ, ವನಜಕ್ಕ ಎಂದು ಕರೆದು ಜೀವ ತಿನ್ನುತ್ತಿದ್ದ. ನಾನು ಮದುವೆಯಾಗಿ ಬೇರೆ ಬೀದಿಗೆ ಹೋದೆ. ಗಂಡ ಬೇಗ ತೀರಿಕೊಂಡರು. ಆಮೇಲೆ ಕಂಡವರ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿಕೊಂಡು, ಹುಣಸೆಹಣ್ಣಿನ ಬೀಜ ಬಿಡಿಸಿಕೊಂಡು ಬದುಕಿದೆ. ಯಾವತ್ತಾದರೂ ನನ್ನದೇ ಒಂದು ಹಲಗೆ, ನನ್ನದೇ ಒಂದು ಕಿಟಕಿ ಎಂಬ ಆಸೆಯೊಂದೇ ಇದ್ದದ್ದು. ದೊಡ್ಡ ಆಸೆಯೇನಲ್ಲ, ನಮ್ಮ ಊರಿನಲ್ಲಿ ಕಾಯುವ ತಾಳ್ಮೆ ಇದ್ದ ಎಲ್ಲರಿಗೂ ಸಿಗುವಂಥದ್ದು.

ಅಮ್ಮನ ಅಂಗಡಿ ಇನ್ನೂ ನಡೆಯುತ್ತಿರುವಾಗಲೇ ಬಿಲ್ಡರ್ ಬಂದ. ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತೇನೆ, ಒಬ್ಬೊಬ್ಬರಿಗೂ ಒಂದೊಂದು ಫ್ಲಾಟ್ ಕೊಡುತ್ತೇನೆ ಎಂದ. ಅದಕ್ಕಿಂತ ದೊಡ್ಡ ಮಾತು ಇನ್ನೊಂದು ಆಡಿದ. ಹೊಸ ನಮೂನೆಯ ಅಡಿಪಾಯ, ಬಂಡೆಯ ಮೇಲೆ ಕೂರುತ್ತದೆ, ಈ ಕಟ್ಟಡ ಕೂದಲೆಳೆಯಷ್ಟೂ ಇಳಿಯುವುದಿಲ್ಲ ಎಂದ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ತಾತ ಮುತ್ತಾತಂದಿರ ಕಾಲದಿಂದ ಇಳಿಯುತ್ತಲೇ ಇದ್ದವರಿಗೆ ಇನ್ನು ಇಳಿಯಬೇಕಾಗಿಲ್ಲ ಎಂದರೆ ಯಾರಿಗೆ ಬೇಡ? ಎಲ್ಲರೂ ಮೇಲಿನ ಮಹಡಿಗಳಿಗೆ ಮುಗಿಬಿದ್ದರು. ಇಂದ್ರೇಶ ಮಾತ್ರ ತನ್ನ ತಾಯಿಯ ಮಂಡಿ ನೋವು ನೋಡಿಕೊಂಡು ಎರಡನೆಯದನ್ನು ತೆಗೆದುಕೊಂಡ. ನಾನು ನಮ್ಮ ಅಮ್ಮನ ಪಾಲಿಗೆ ಮೊದಲನೆಯ ಮಹಡಿ ಕೇಳಿದೆ.

"ಯಾಕಮ್ಮಾ ಅಷ್ಟು ಕೆಳಗೆ? ಧೂಳು, ಸೊಳ್ಳೆ, ಗಲಾಟೆ," ಎಂದ ಬಿಲ್ಡರ್ ಕಡೆಯವನು.

"ನಂಗೆ ಗಲಾಟೆನೇ ಬೇಕಪ್ಪ," ಎಂದೆ.

ಕಟ್ಟಡ ಮುಗಿಯುವ ಮೊದಲೇ ಅಮ್ಮ ಹೋದಳು. ಹೋಗುವ ಮುಂಚೆ ತಕ್ಕಡಿಯನ್ನು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದಳು. ಹಿತ್ತಾಳೆಯ ತಟ್ಟೆಗಳು ಅವಳ ಅಂಗೈಯಷ್ಟೇ ಸವೆದಿದ್ದವು.

ಹೊಸ ಕಟ್ಟಡದ ಮೊದಲ ಸಭೆಯಲ್ಲಿ ಬೀದಿಯ ಮಟ್ಟದ ಜಾಗದ ಮಾತು ಬಂತು. ಅಲ್ಲಿ ಬರೀ ಕಂಬಗಳಿದ್ದವು. ನಾಲ್ಕು ಮಳಿಗೆ ಮಾಡಬಹುದು, ಇಲ್ಲವೇ ಕಾರು ನಿಲ್ಲಿಸಬಹುದು ಎಂದು ಬಿಲ್ಡರ್ ಹೇಳಿಹೋಗಿದ್ದ. ಇಂದ್ರೇಶನೇ ಸಂಘದ ಕಾರ್ಯದರ್ಶಿ. ಬೆಳೆದು ದೊಡ್ಡವನಾಗಿದ್ದ, ಬಿಳಿ ಅಂಗಿ, ನೆತ್ತಿಯ ಮೇಲೆ ಏರಿಸಿದ ಕನ್ನಡಕ. ಮಳಿಗೆ ಮಾಡಿದರೆ ಜಿರಲೆ ಬರುತ್ತದೆ ಎಂದರು ಒಬ್ಬರು. ಸಿಗರೇಟು ಸೇದುವವರು ಬಂದು ನಿಲ್ಲುತ್ತಾರೆ ಎಂದರು ಇನ್ನೊಬ್ಬರು. ಐದನೆಯ ಮಹಡಿಯ ಹೆಂಗಸೊಬ್ಬರು, ಒಣಮೀನಿನ ಅಂಗಡಿ ಬಂದುಬಿಟ್ಟರೆ ಗತಿ ಏನು ಎಂದು ಆಗಲೇ ಮೂಗಿಗೆ ಸೆರಗು ಹಿಡಿದರು.

ನಾನು ಎದ್ದು ನಿಂತೆ. "ಒಲೆ ಮೇಲೆ ಸಾರು ಕುದೀತಿರುತ್ತೆ, ಉಪ್ಪು ಮುಗಿದಿರುತ್ತೆ. ಆವಾಗ ಎಲ್ಲಿಗೆ ಬುಟ್ಟಿ ಇಳಿಸ್ತೀರಿ? ಸಂಜೆ ಮೇಲೆ ಈ ಬೀದೀಲಿ ಒಂದು ದೀಪ ಬೇಡ್ವಾ? ಹೆಣ್ಣುಮಕ್ಕಳು ಬರೋ ಹೊತ್ತಿಗೆ ಒಂದು ಮುಖ ಬೇಡ್ವಾ?"

"ವನಜಾಕ್ಷಿಯವರೇ," ಎಂದ ಇಂದ್ರೇಶ. ನಾನು ಹಿಂದಕ್ಕೆ ತಿರುಗಿ ನೋಡಿದೆ, ಬೇರೆ ಯಾರನ್ನಾದರೂ ಕರೆದನೋ ಎಂದು. "ಸಾಮಾನು ತರೋದಕ್ಕೆ ವ್ಯಾನ್ ಬರುತ್ತೆ. ದೀಪಕ್ಕೆ ಕಂಬ ಇದೆ. ಇಳಿಯೋ ಮನೆಗಳಿಗೆ ಅಂಗಡಿ ಸರಿ. ನಮ್ಮದು ಇಳಿಯಲ್ಲ ಅಂದ್ಮೇಲೆ ಅಂಗಡಿ ಯಾಕೆ?"

ಕೈ ಎತ್ತಿಸಿದರು. ಕಾರುಗಳು ಗೆದ್ದವು.

ಕಟ್ಟಡ ಇಳಿಯಲು ಶುರುಮಾಡಿದ್ದು ಎಲ್ಲರಿಗೂ ಕಾಣುತ್ತಿತ್ತು. ಹಳೆಯ ಮನೆಗಳಿಗಿಂತ ಬೇಗ ಇಳಿಯುತ್ತಿತ್ತು, ಅಷ್ಟು ಭಾರ ಹೊತ್ತ ಮೇಲೆ ಇನ್ನೇನಾಗುತ್ತದೆ. ಮೊದಲು ಎತ್ತರದ ಕಾರುಗಳ ನೆತ್ತಿ ತೊಲೆಗೆ ತಗುಲಿತು. ಆಮೇಲೆ ಚಿಕ್ಕ ಕಾರುಗಳೂ ಹೊರಗೆ ಬರಲು ಪರದಾಡಿದವು. ಆದರೆ ಇಳಿದಿದೆ ಎಂದು ಯಾರ ಬಾಯಲ್ಲೂ ಬರಲಿಲ್ಲ. ಇಳಿದಿದೆ ಎಂದರೆ ಫ್ಲಾಟಿಗೆ ಬೆಲೆ ಎಲ್ಲಿ? ಪುರಸಭೆಯವರು ಡಾಂಬರು ಹಾಕಿ ಹಾಕಿ ರಸ್ತೆ ಎತ್ತರ ಮಾಡಿದ್ದಾರೆ ಎಂದು ಸಂಘದವರು ದೂರು ಕೊಟ್ಟರು. ಪುರಸಭೆಯ ಎಂಜಿನಿಯರ್ ಬಂದು, ರಸ್ತೆಯನ್ನೊಮ್ಮೆ ಕಟ್ಟಡವನ್ನೊಮ್ಮೆ ನೋಡಿ, ಎಳನೀರು ಕುಡಿದು ಹೋದ. ಎದುರು ಸಾಲಿನ ಮುದುಕರು ತಮ್ಮ ಜಗುಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಕಿಟಕಿಯಲ್ಲಿ ನಿಂತು ನಕ್ಕೆ. ನಗದೇ ಏನು ಮಾಡಲಿ, ಪ್ರತಿ ಮಳೆಗಾಲಕ್ಕೂ ಬೀದಿ ನನ್ನ ಹತ್ತಿರ ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ಹಾಲಿಗೆ ಹೋಗುತ್ತಿದ್ದ ಅಪರಿಚಿತನೊಬ್ಬ ನನ್ನ ಕಿಟಕಿಯ ಮೇಲೆ ಮೊಣಕೈ ಊರಿ, "ಏನಮ್ಮಾ, ಬೆಂಕಿಪೊಟ್ಟಣ ಇದೆಯಾ?" ಎಂದ. ನಮ್ಮ ಊರಿನವರ ಅಭ್ಯಾಸ ಅದು, ಎದೆಮಟ್ಟಕ್ಕೆ ಕಿಟಕಿ ಕಂಡರೆ ಸಾಕು. "ನಾಳೆ ಬಾಪ್ಪ," ಎಂದೆ. ಅವನು ಹೋದ ಮೇಲೆ ಒಂದು ಗಳಿಗೆ ಕೂತು ಅತ್ತೆ. ಸಂತೋಷಕ್ಕೆ ಅತ್ತದ್ದು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವತ್ತೇ ಸಂಜೆ ಎರಡನೆಯ ಮಹಡಿಗೆ ಹೋದೆ. ಕಿಟಕಿಯ ಸರಳು ತೆಗೆಸಲು ಸಂಘದ ಒಪ್ಪಿಗೆ ಬೇಕಿತ್ತು. ಇಂದ್ರೇಶ ಸೋಫಾದಲ್ಲಿ ಕೂರಿಸಿದ, ಕಾಫಿ ಕೊಡಿಸಿದ. ಮೂಲೆಯ ಕುರ್ಚಿಯಲ್ಲಿ ಮಲ್ಲಾಜಮ್ಮ ಕಾಲು ನೀಡಿ ಕೂತಿದ್ದರು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ.

"ಆಗಲ್ಲ," ಎಂದ ಇಂದ್ರೇಶ. "ಕಟ್ಟಡದಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ ಅಂತ ಆವತ್ತೇ ತೀರ್ಮಾನ ಆಗಿದೆ."

"ಆವತ್ತು ಇಳಿಯಲ್ಲ ಅಂದಿದ್ರಿ. ಈಗ ಇಳಿದಿದೆಯಲ್ಲ."

"ಎಲ್ಲಿ ಇಳಿದಿದೆ? ರಸ್ತೆ ಏರಿದೆ."

"ಇಂದ್ರೇಶ, ನನ್ನ ಮುಖ ನೋಡಿ ಹೇಳು."

ಅವನು ಮುಖ ನೋಡಲಿಲ್ಲ. ಕಾಫಿ ಲೋಟ ನೋಡಿಕೊಂಡು ಹೇಳಿದ. "ನೀವು ಅಂಗಡಿ ಇಟ್ರೆ ಇಳಿದಿದೆ ಅಂತ ನಾವೇ ಊರಿಗೆಲ್ಲ ಬೋರ್ಡು ಹಾಕ್ದ ಹಾಗೆ. ಆರನೇ ಮಹಡಿಯೋರು ಮಾರೋಕ್ಕೆ ಹೊರಟಿದ್ದಾರೆ. ನಿಮ್ಮೊಬ್ಬರ ಬೆಲ್ಲ ಹುಣಸೆಹಣ್ಣಿಗೆ ಇಷ್ಟು ಜನ ಹಾಳಾಗ್ಬೇಕಾ?"

"ಬಾಯಿ ಬಿಗಿ ಹಿಡಿದು ಮಾತಾಡೋ," ಎಂದರು ಮೂಲೆಯಿಂದ ಮಲ್ಲಾಜಮ್ಮ. "ಅವಳ ಅವ್ವನ ಬೆಲ್ಲ ತಿಂದು ಬೆಳೆದೋನು ನೀನು."

"ನೀನು ಸುಮ್ನಿರಮ್ಮ," ಎಂದ ಅವನು. ನಾನು ಕಾಫಿ ಅಲ್ಲೇ ಬಿಟ್ಟು ಬಂದೆ.

ವ್ಯಾನು ದಿನಾ ಬೆಳಿಗ್ಗೆ ಬರುತ್ತಿತ್ತು. ಬಂದು ನಿಲ್ಲುತ್ತಿದ್ದದ್ದು ಸರಿಯಾಗಿ ನನ್ನ ಕಿಟಕಿಯ ಎದುರು. ಎಲ್ಲ ಮಹಡಿಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ವ್ಯಾನು ಅಂಗಡಿಯಲ್ಲವಲ್ಲ, ಎಲ್ಲ ಮೊದಲೇ ತೂಗಿ ಕಟ್ಟಿದ ಪೊಟ್ಟಣ, ತಕ್ಕಡಿ ಯಾರದೆಂದು ಕೇಳುವ ಮಾತೇ ಇರಲಿಲ್ಲ. ಹಳೆಯದನ್ನೆಲ್ಲ ಬಿಟ್ಟವರು ಬುಟ್ಟಿ ಮಾತ್ರ ಬಿಟ್ಟಿರಲಿಲ್ಲ, ಮೆಟ್ಟಿಲು ಇಳಿಯುವ ಶ್ರಮ ಉಳಿಯುತ್ತದಲ್ಲ. ನನ್ನ ಮೂಗಿನ ಮುಂದೆಯೇ ಖಾಲಿ ಬುಟ್ಟಿ ಇಳಿಯುತ್ತಿತ್ತು, ತುಂಬಿದ ಬುಟ್ಟಿ ಏರುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ಉಸಿರು ಕಟ್ಟಿದ ಹುಣಸೆಹಣ್ಣು, ಅದರಲ್ಲಿ ಅರ್ಧ ಬೀಜ, ನೋಡಿದರೇ ಗೊತ್ತಾಗುತ್ತಿತ್ತು. ಸರಳಿನ ಸಂದಿಯಿಂದ ಕೈ ಚಾಚಿದರೆ ಬುಟ್ಟಿ ಸಿಗುವಷ್ಟು ಹತ್ತಿರ. ನಾನು ಕೈ ಚಾಚಲಿಲ್ಲ. ನನ್ನ ಬಳಿ ಹೊಸ ಹುಣಸೆಹಣ್ಣು ಇತ್ತು, ನಾನೇ ಬೀಜ ಬಿಡಿಸಿ ಉಂಡೆ ಕಟ್ಟಿದ್ದು. ಯಾವ ಧೈರ್ಯದ ಮೇಲೆ ತಂದಿಟ್ಟಿದ್ದೆನೋ.

ಒಂದು ಮಧ್ಯಾಹ್ನ, ವ್ಯಾನಿಲ್ಲದ ಹೊತ್ತಿನಲ್ಲಿ, ಒಂದು ಹಳೆಯ ಬಿದಿರಿನ ಬುಟ್ಟಿ ತೂಗಾಡುತ್ತ ಇಳಿದು ನನ್ನ ಕಿಟಕಿಯ ಎದುರು ನಿಂತಿತು. ಮೇಲಿನಿಂದ ಮಲ್ಲಾಜಮ್ಮನ ದನಿ ಬಂತು.

"ವನಜಾ, ಕಾಲು ಕೆಜಿ ಹುಣಸೆಹಣ್ಣು ಹಾಕೇ. ನೋಡಿ ತೂಗು, ನಿಮ್ಮವ್ವ ಒಂಚೂರು ಜಾಸ್ತಿನೇ ಹಾಕ್ತಿದ್ಲು."

ತಕ್ಕಡಿ ತೆಗೆದು ಕಿಟಕಿಯ ಸರಳಿಗೇ ತೂಗುಹಾಕಿ, ಕಾಲು ಕೆಜಿ ತೂಗಿ, ಮೇಲೆ ಒಂದು ಚೂರು ಹಾಕಿದೆ. ಸರಳಿನ ಸಂದಿಯಲ್ಲಿ ತೂರಿಸಿ ಬುಟ್ಟಿಗಿಟ್ಟೆ. ಬುಟ್ಟಿ ಮೇಲೇರಿತು. ದಾರಿಹೋಕರಿಬ್ಬರು ನೋಡಿ ನಿಂತರು. ಅವರಲ್ಲೊಬ್ಬಳು, "ಅಂಗಡಿ ತೆರೆದ್ರಾ? ನಂಗೂ ಅರ್ಧ ಕೆಜಿ ಕೊಡಿ," ಎಂದು ಸೆರಗಿನ ಗಂಟು ಬಿಚ್ಚಿದಳು. ಅವಳಿಗೂ ಕೊಟ್ಟೆ. ನನ್ನ ಅಂಗಡಿ ನಡೆದದ್ದು ಅಷ್ಟೇ, ಒಂದು ಮಧ್ಯಾಹ್ನ, ಎರಡು ಗಿರಾಕಿ.

ಮರುದಿನ ಮೇಸ್ತ್ರಿ ಬಂದ. ಜೊತೆಗೆ ಸಂಘದ ನಾಲ್ಕು ಜನ, ಮುಂದೆ ಇಂದ್ರೇಶ. ಮೊದಲ ಮಹಡಿಯ ಕಿಟಕಿಗೆ ಭದ್ರತೆ ಇಲ್ಲ, ಯಾರು ಬೇಕಾದರೂ ಕೈ ಹಾಕುತ್ತಾರೆ, ನನ್ನ ಒಳ್ಳೆಯದಕ್ಕೇ ಗೋಡೆ ಕಟ್ಟಿಸುತ್ತಿದ್ದೇವೆ ಎಂದರು. ಕೂಗಾಡಿದೆ. ಇಂದ್ರೇಶನ ಅಂಗಿ ಹಿಡಿದು ಜಗ್ಗಿದೆ. ಎದುರು ಸಾಲಿನವರು ಜಗುಲಿಯಿಂದ ನೋಡುತ್ತಿದ್ದರು, ಒಬ್ಬರೂ ರಸ್ತೆ ದಾಟಿ ಬರಲಿಲ್ಲ. ಪರರ ಕಟ್ಟಡದ ವಿಷಯ ಎಂದುಕೊಂಡರೋ ಏನೋ. ಸಂಜೆಯ ಹೊತ್ತಿಗೆ ನನ್ನ ಕಿಟಕಿಯಿದ್ದ ಕಡೆ ಇಟ್ಟಿಗೆಯ ಹಸಿ ಗೋಡೆ ನಿಂತಿತ್ತು.

ಎರಡು ದಿನ ಬಿಟ್ಟು, ಗೋಡೆಯ ಆಚೆ ಏನೋ ಸವರಿದ ಸದ್ದು ಕೇಳಿತು. ಕಿವಿಯಿಟ್ಟು ಕೇಳಿದೆ. ಬಿದಿರಿನ ಬುಟ್ಟಿ ಇಟ್ಟಿಗೆಗೆ ಉಜ್ಜುತ್ತಿತ್ತು. ದೊಡ್ಡಮ್ಮನಿಗೆ ಗೋಡೆಯ ವಿಷಯ ಯಾರೂ ಹೇಳಿರಲಿಲ್ಲ. ತಲೆ ಬಗ್ಗಿಸಿ ನೋಡಲು ಅವರಿಂದ ಆಗುತ್ತಿರಲಿಲ್ಲ. ಏನೋ ಕೂಗಿದರು, ಗೋಡೆಯೊಳಗೆ ಕೇಳಲಿಲ್ಲ. ಬಹಳ ಹೊತ್ತು ಬುಟ್ಟಿ ಅಲ್ಲೇ ಕಾಯುತ್ತಿತ್ತು. ನಾನು ಈಚೆ ಬದಿಯಲ್ಲಿ ಒಂದು ಹುಣಸೆ ಉಂಡೆ ಹಿಡಿದುಕೊಂಡು ನಿಂತಿದ್ದೆ.

ಆ ಮೇಲಿನ ವರ್ಷಗಳನ್ನು ಹಗಲೂ ದೀಪ ಹಾಕಿಕೊಂಡು ಕಳೆದೆ. ಬೀದಿ ಗೋಡೆಯ ಆಚೆ ಏರುತ್ತಲೇ ಹೋಯಿತು, ಚಪ್ಪಲಿಯ ಸದ್ದು ಮೊದಲು ಎದೆಯ ಮಟ್ಟದಲ್ಲಿ, ಆಮೇಲೆ ತಲೆಯ ಮಟ್ಟದಲ್ಲಿ, ಆಮೇಲೆ ನೆತ್ತಿಯ ಮೇಲೆ. ಗೋಡೆ ಒದ್ದೆಯಾಗತೊಡಗಿದಾಗ ಸಭೆಗೆ ಹೋದೆ. ಕ್ರಮದ ಪ್ರಕಾರ ನನಗೆ ತುದಿಯಲ್ಲಿ ಒಂದು ಮನೆ ಕಟ್ಟಿಸಿಕೊಡಬೇಕು ಎಂದೆ. ಆರನೆಯ ಮಹಡಿಯವರು, ನಮ್ಮ ತಲೆಯ ಮೇಲೆ ಇನ್ನೊಂದು ಮನೆಯೇ ಎಂದು ಎದ್ದು ನಿಂತರು. ಇಂದ್ರೇಶ ಅವರನ್ನು ಕೂರಿಸಿದ. ಅವನ ಉತ್ತರ ತಯಾರಿತ್ತು.

"ವನಜಾಕ್ಷಿಯವರೇ, ನೆಲದೊಳಗೆ ಹೋದವರಿಗೆ ಮೇಲೆ ಮನೆ. ಅದು ಹಳೇ ಕ್ರಮ, ಸರಿ. ನಿಮ್ಮದು ಎಲ್ಲಿ ಹೋಗಿದೆ? ಮೊದಲನೇ ಮಹಡಿ ಮೊದಲನೇ ಮಹಡೀಲೇ ಇದೆ. ಲಿಫ್ಟಿನಲ್ಲಿ ಒತ್ತಿ ನೋಡಿ, ಒಂದು ಅಂತಲೇ ಇದೆ."

ಸಭೆ ಅದನ್ನು ಬರೆದುಕೊಂಡಿತು.

ಮನೆ ಬಿಡುವುದೆಂದು ಸಾಮಾನು ಕಟ್ಟಿದೆ. ಹೋಗುವ ಮುಂಚೆ ಮಾಡಬೇಕಾದ ಕೆಲಸ ಒಂದಿತ್ತು. ಅವರು ಕ್ರಮ ಬಿಟ್ಟರೆಂದು ನಾನು ಬಿಡಬಾರದು ಎನಿಸಿತು. ಇನ್ನು ಬೀದಿಗಿಳಿಯುವ ಸರದಿ ಎರಡನೆಯ ಮಹಡಿಯದು. ತಕ್ಕಡಿಯನ್ನು ಒರೆಸಿ, ಕುಂಕುಮ ಇಟ್ಟು, ಇಂದ್ರೇಶನ ಬಾಗಿಲು ತಟ್ಟಿದೆ. ಅವನ ಹೆಂಡತಿ ಅರ್ಧ ಬಾಗಿಲು ತೆರೆದಳು. ಅವಳ ಹಿಂದೆ ಇಂದ್ರೇಶ ನಿಂತಿದ್ದ.

"ತಗೋ," ಎಂದು ಎರಡೂ ಕೈಯಲ್ಲಿ ಚಾಚಿದೆ. "ಇನ್ನು ನಿಮ್ಮದು."

ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ನಮಗ್ಯಾಕೆ? ನಾವೇನು ಅಂಗಡಿ ಇಡೋರಾ? ಗುಜರಿಗೆ ಹಾಕಿ, ಹಿತ್ತಾಳೆಗೆ ಒಳ್ಳೆ ರೇಟಿದೆ."

ಬಾಗಿಲು ಮುಚ್ಚಿತು. ಚಾಚಿದ ಕೈ ಚಾಚಿದ ಹಾಗೇ ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದೆ. ನನಗಾದ ಅವಮಾನಗಳಲ್ಲಿ ಗೋಡೆ ದೊಡ್ಡದಲ್ಲ, ಇದು ದೊಡ್ಡದು.

ಈಗ ನಾನಿರುವುದು ಊರಿನ ಆ ತುದಿಯ ಹಳೆಯ ಮನೆಯೊಂದರ ಆರನೆಯ ಮಹಡಿಯಲ್ಲಿ, ಬಾಡಿಗೆಗೆ. ಒಂದೇ ಕೋಣೆ. ಗಾಳಿ ಚೆನ್ನಾಗಿದೆ ಎಂದು ಬಂದವರೆಲ್ಲ ಹೊಗಳುತ್ತಾರೆ. ಈ ಮಹಡಿ ಬೀದಿ ಮುಟ್ಟುವ ಹೊತ್ತಿಗೆ ನನ್ನನ್ನು ನೆನೆಸುವವರೂ ಇರುವುದಿಲ್ಲ. ಕೆಳಗೆ ಬೀದಿಯ ಮಟ್ಟದಲ್ಲಿ ಗಂಡ ಹೆಂಡತಿ ಇಬ್ಬರು ಅಂಗಡಿ ಇಟ್ಟಿದ್ದಾರೆ, ಅವರಿಗೆ ಅವರದೇ ಕಟ್ಟಡದ ತಕ್ಕಡಿ ಇದೆ. ನಾನು ಬುಟ್ಟಿ ಇಳಿಸಿ ಉಪ್ಪು, ಬೇಳೆ ತರಿಸಿಕೊಳ್ಳುತ್ತೇನೆ. ತೂಕ ಪರವಾಗಿಲ್ಲ.

ಮೊನ್ನೆ ಇಂದ್ರೇಶ ಬಂದಿದ್ದ. ಆರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವನನ್ನು ಮೊದಲು ಗುರುತೇ ಹಿಡಿಯಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿತ್ತು. ಕುರ್ಚಿ ಇರಲಿಲ್ಲ, ನನ್ನ ತಗಡಿನ ಟ್ರಂಕಿನ ಮೇಲೆ ಕೂತ. ನೀರು ಕೊಟ್ಟೆ.

"ವನಜಕ್ಕ," ಎಂದ. ಎಷ್ಟು ವರ್ಷವಾಗಿತ್ತೋ ಆ ಕರೆ ಕೇಳಿ. "ಹೇಗಿದ್ದೀರಿ?"

"ಬಂದ ಕೆಲಸ ಹೇಳು."

"ನಮ್ಮ ಮನೆ ಕಿಟಕಿ ಈಗ ಬೀದಿ ಮಟ್ಟಕ್ಕೆ ಬಂದಿದೆ. ವ್ಯಾನ್‌ನೋರು ಬರೋದು ನಿಲ್ಸಿದ್ರು, ಲಾಭ ಇಲ್ವಂತೆ. ಮೇಲಿನೋರೆಲ್ಲ ಒಂದು ಅಂಗಡಿ ಬೇಕೇ ಬೇಕು ಅಂತಿದ್ದಾರೆ. ಸಭೇಲಿ ಎಲ್ರೂ ಒಪ್ಪಿದ್ರು, ಒಬ್ರೂ ಬೇಡ ಅನ್ನಲಿಲ್ಲ. ನನಗೂ ನೌಕರಿ ಮುಗೀತು, ಕೂತಿರೋದಕ್ಕಿಂತ…" ನೀರು ಕುಡಿದ. "ಹಲಗೆ ಹಾಕಿಸಿದೀನಿ. ಸಾಮಾನು ತಂದಿಟ್ಟಿದೀನಿ. ಒಂದು ತಿಂಗಳಾಯ್ತು, ಎದುರು ಸಾಲಿನೋರು ಬರ್ತಾರೆ, ನೋಡ್ತಾರೆ, ತಕ್ಕಡಿ ಯಾರ ಕೈಯಿಂದ ಬಂತು ಅಂತ ಕೇಳ್ತಾರೆ, ಹೋಗ್ತಾರೆ. ನಮ್ಮ ಮೇಲಿನ ಮಹಡಿಯೋರೂ ಬುಟ್ಟಿ ಇಳಿಸ್ತಿಲ್ಲ."

ಖಾಲಿಯಾದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡೆ.

"ಅಮ್ಮಂಗೆ ಕಣ್ಣು ಮಂಜಾಗಿದೆ," ಎಂದ. "ಕಿಟಕಿ ಹತ್ರನೇ ಕೂತಿರ್ತಾಳೆ. ವನಜಾ ಹುಣಸೆಹಣ್ಣು ಹಾಕ್ಲಿಲ್ಲ, ಬುಟ್ಟಿ ಬರಿದೇ ಬಂತು ಅಂತ ಇವತ್ತಿಗೂ ಅಂತಾಳೆ. ಅಂಗಡಿ ಶುರುವಾದ್ರೆ ಅವಳಿಗೆ ಒಂಚೂರು ಸಮಾಧಾನ. ನಾನು ಆವತ್ತು ಮಾಡಿದ್ದು ತಪ್ಪು, ವನಜಕ್ಕ. ಕೈ ಮುಗಿದು ಕೇಳ್ತೀನಿ. ಆ ತಕ್ಕಡಿ ಕೊಡಿ."

ನಿಜಕ್ಕೂ ಕೈ ಮುಗಿದ. ಕಣ್ಣಲ್ಲಿ ನೀರಿತ್ತು, ನಾಟಕವಾಡುತ್ತಿರಲಿಲ್ಲ. ಆ ಮುದುಕಿಯ ಬುಟ್ಟಿ ಇಟ್ಟಿಗೆಗೆ ಉಜ್ಜಿದ ಸದ್ದು ನೆನಪಾಯಿತು. ಕೊಟ್ಟುಬಿಡು ಎಂದಿತು ಮನಸ್ಸು. ಆದರೆ ಬಾಯಿ ಬೇರೆಯೇ ಹೇಳಿತು.

"ತಕ್ಕಡಿ ನನ್ನ ಹತ್ರ ಎಲ್ಲಿದೆ? ಅಡಿಗೆಮನೆ ಗೋಡೆಗೆ ತೂಗುಹಾಕಿ ಬಂದೆ. ನಿನ್ನ ಕಾಲ ಕೆಳಗೇ ಇದೆ. ಮೊದಲನೇ ಮಹಡಿ ಮೊದಲನೇ ಮಹಡೀಲೇ ಇದೆಯಲ್ಲ, ಲಿಫ್ಟಿನಲ್ಲಿ ಒಂದು ಅಂತ ಒತ್ತಿ ಹೋಗಿ ತಗೋ."

ಅವನ ಮುಖ ಸಪ್ಪಗಾಯಿತು. ಅಗೆಯುವ ಹಾಗಿಲ್ಲ ಎನ್ನುವುದು ಅವನಿಗೂ ಗೊತ್ತು. ಟ್ರಂಕಿನ ಮೇಲಿನಿಂದ ಎದ್ದ. ಮೆಟ್ಟಿಲು ಇಳಿಯುವ ಅವನ ಸದ್ದು ಕೊನೆಯವರೆಗೂ ಕೇಳಿತು.

ಆಮೇಲೆ ಬಾಗಿಲು ಹಾಕಿ ಟ್ರಂಕು ತೆರೆದೆ. ಅಮ್ಮನ ಸೀರೆಯಲ್ಲಿ ಸುತ್ತಿಟ್ಟಿದ್ದ ತಕ್ಕಡಿ ತೆಗೆದೆ. ಕುಂಕುಮ ಇನ್ನೂ ಅಂಟಿಕೊಂಡಿತ್ತು. ಡಬ್ಬಿಯಿಂದ ಹುಣಸೆಹಣ್ಣು ತೆಗೆದು ಕಾಲು ಕೆಜಿ ತೂಗಿದೆ, ಮೇಲೆ ಒಂದು ಚೂರು ಹಾಕಿದೆ. ಅದನ್ನು ಹಿಡಿದುಕೊಂಡು ಕಿಟಕಿಗೆ ಬಂದೆ. ಬೀದಿ ಬಹಳ ಕೆಳಗಿತ್ತು, ಇಂದ್ರೇಶ ಆಗಲೇ ತಿರುವು ದಾಟಿದ್ದ. ಕೂಗಿದ್ದರೆ ಕೇಳುತ್ತಿತ್ತೋ ಏನೋ. ನಾನು ಕೂಗಲಿಲ್ಲ.